ನ್ಯೂಜಿಲೆಂಡ್ ಮೋಟರ್‌ಹೋಮ್: ಟಾಯ್ಲೆಟ್ ಕ್ಯಾಸೆಟ್ ಖಾಲಿ ಮಾಡುವ ಬಗ್ಗೆ

ನಾಲ್ಕು ಜನ ಮೋಟರ್‌ಹೋಮ್‌ನಲ್ಲಿ (ಮಲಗಲು, ಅಡುಗೆಗೆ ಅನುಕೂಲವಿರುವ ಗಾಡಿ) ದಕ್ಷಿಣ ದ್ವೀಪ ಸುತ್ತುವಾಗ ಟಾಯ್ಲೆಟ್ ಕ್ಯಾಸೆಟ್ (ಟಾಯ್ಲೆಟ್ ಕೆಳಗೆ ಮಲಮೂತ್ರ ಸೇರುವ, ಹೊರಗೆಳೆಯಬಹುದಾದ ಡಬ್ಬ) ಎಷ್ಟು ದಿನಕ್ಕೊಮ್ಮೆ, ಎಲ್ಲಿ ಖಾಲಿ ಮಾಡಬೇಕು ಎಂದು ಕೇಳಿದ್ದೀರಿ.

ಕ್ಯಾಸೆಟ್ ಹಿಡಿಯುವುದು ಸುಮಾರು 18 ಲೀಟರ್ ಅಷ್ಟೇ. ನಾವು ನೀರಿನಿಂದ ತೊಳೆದುಕೊಳ್ಳುವವರು, ಬೇಗ ತುಂಬುತ್ತದೆ. ತುಂಬಿತೆಂದು ತೋರಿಸುವ ಕೆಂಪು ದೀಪಕ್ಕೆ ಕಾಯದೆ ದಿನಾ ಬೆಳಿಗ್ಗೆ ಹೊರಡುವಾಗಲೇ ಖಾಲಿ ಮಾಡಿಬಿಡಿ. ಹಾಲಿಡೇ ಪಾರ್ಕ್‌ಗಳಲ್ಲೂ (ಗಾಡಿ ನಿಲ್ಲಿಸಿ ತಂಗುವ ಜಾಗ) ಅನೇಕ ಊರುಗಳಲ್ಲೂ ಡಂಪ್ ಸ್ಟೇಷನ್ (ಕ್ಯಾಸೆಟ್, ಕೊಳಕು ನೀರು ಖಾಲಿ ಮಾಡುವ ಜಾಗ) ಇರುತ್ತದೆ, ಕ್ಯಾಂಪರ್‌ಮೇಟ್ ಆ್ಯಪ್‌ನಲ್ಲಿ ಹುಡುಕಬಹುದು.

ಮೊದಲು ಒಳಗಿನ ಮುಚ್ಚಳ (ಬ್ಲೇಡ್) ಮುಚ್ಚಿ, ಇಲ್ಲದಿದ್ದರೆ ಕ್ಯಾಸೆಟ್ ಹೊರಗೆ ಬರುವುದಿಲ್ಲ. ಎಳೆದು ತಂದು ಕೊಳವೆ ತಿರುಗಿಸಿ, ಸುರಿಯುವಾಗ ಗಾಳಿಯ ಗುಂಡಿ ಒತ್ತಿ ಹಿಡಿಯಿರಿ. ಒತ್ತದಿದ್ದರೆ ಗಾಳಿ ಒಳಗೆ ಹೋಗದೆ ಗುಳುಗುಳು ಎಂದು ಕಾಲಿಗೇ ಸಿಡಿಯುತ್ತದೆ. ಎರಡು ಸಲ ನೀರು ಹಾಕಿ ಕುಲುಕಿ ತೊಳೆಯಿರಿ. ಆಮೇಲೆ ಸುಮಾರು ಎರಡು ಲೀಟರ್ ನೀರು, ಬಾಟಲಿಯ ಮೇಲೆ ಬರೆದಷ್ಟು ಟಾಯ್ಲೆಟ್ ಕೆಮಿಕಲ್ ಹಾಕಿ. ವೆಟ್ ವೈಪ್ಸ್ ಖಂಡಿತ ಹಾಕಬೇಡಿ, ಬ್ಲೇಡ್‌ಗೆ ಸಿಕ್ಕಿಕೊಳ್ಳುತ್ತದೆ.

ಡಂಪ್ ಸ್ಟೇಷನ್‌ನಲ್ಲಿ ಕ್ಯಾಸೆಟ್ ತೊಳೆಯುವ ನಲ್ಲಿಯಿಂದ ಕುಡಿಯುವ ನೀರು ತುಂಬಿಸಲೇಬೇಡಿ, ದಯವಿಟ್ಟು! ಕುಡಿಯುವ ನೀರಿಗೆ ಬೇರೆ ನಲ್ಲಿ, ಬೇರೆ ಪೈಪು.

ಸಿಂಕಿನ ನೀರನ್ನೂ ಡಂಪ್ ಸ್ಟೇಷನ್‌ನಲ್ಲೇ ಬಿಡಬೇಕು, ರಸ್ತೆ ಬದಿಗಲ್ಲ. ಒಗ್ಗರಣೆ ಬಾಣಲೆಯ ಎಣ್ಣೆಯನ್ನು ಮೊದಲು ಟಿಶ್ಯೂನಿಂದ ಒರೆಸಿ, ಆಮೇಲೆ ತೊಳೆಯಿರಿ. ಚಳಿಗೆ ಜಿಡ್ಡು ಪೈಪಿನಲ್ಲಿ ಗಟ್ಟಿಯಾಗಿ, ಎರಡು ದಿನದಲ್ಲಿ ಗಾಡಿಯೆಲ್ಲ ನಾರುತ್ತದೆ.