ಮೆಳ್ಳೆಗಣ್ಣಿನ ಆಪರೇಷನ್‌ಗೆ ಹೊಲಿಗೆ ಬದಲು ಅಂಟು ಹಾಕಿಸಬಹುದಾ?

ನಿಮ್ಮ ಮಗಳಿಗೆ ಐದು ವರ್ಷ, ಮೆಳ್ಳೆಗಣ್ಣಿನ ಆಪರೇಷನ್‌ಗೆ ಹೊಲಿಗೆ ಬೇಡ, ಅಂಟು ಹಾಕಿಸಬಹುದಾ ಅಂತ ಕೇಳಿದ್ದೀರಿ. ನನ್ನ ಮಗನಿಗೂ ಆಗ ಐದೇ. ಎಡಗಣ್ಣು ಮೂಗಿನ ಕಡೆ ವಾಲುತ್ತಿತ್ತು. ಡಾಕ್ಟರು ಆಪರೇಷನ್ ಅಂದಾಗ ನನಗೂ ನಿಮ್ಮ ಹಾಗೇ ಸೂಜಿಯ ಚಿಂತೆಯೇ ಹತ್ತಿಕೊಂಡಿತು. ನಮ್ಮ ಚಿಕ್ಕಮ್ಮನ ಕಣ್ಣಿನ ದುರ್ಮಾಂಸ ತೆಗೆದಾಗ ಹೊಲಿಗೆಯೇ ಹಾಕಿರಲಿಲ್ಲ, ಫೈಬ್ರಿನ್ ಗ್ಲೂ ಅನ್ನುವ ಅಂಟು ಹಾಕಿದ್ದರು. ಇವನಿಗೂ ಅದೇ ಆಗಬೇಕು ಅಂತ ಹಟ ಹಿಡಿದೆ.

ನಾನು ತಪ್ಪಿದ್ದು ಅಲ್ಲೇ. ಈ ಆಪರೇಷನ್‌ನಲ್ಲಿ ಹೊಲಿಗೆ ಬೀಳುವುದು ಎರಡು ಕಡೆ. ಒಂದು, ಬಿಳಿಗುಡ್ಡೆಯ ಮೇಲಿನ ತೆಳು ಪದರಕ್ಕೆ. ಅಲ್ಲಿ ಗ್ಲೂ ನಡೆಯುತ್ತದೆ, ಚಿಕ್ಕಮ್ಮನಿಗೆ ಹಾಕಿದ್ದೂ ಆ ಪದರಕ್ಕೇ. ಇನ್ನೊಂದು ಒಳಗೆ, ಸ್ನಾಯುವಿಗೆ. ಸ್ನಾಯುವನ್ನು ಬಿಡಿಸಿ, ಕೆಲವು ಮಿಲಿಮೀಟರ್ ಹಿಂದಕ್ಕೆ ಕಣ್ಣಿನ ಬಿಳಿ ಗೋಡೆಗೆ ಹೊಲಿಯುತ್ತಾರೆ. ಕಣ್ಣು ಹೊರಳಿದಾಗೆಲ್ಲ ಅದು ಎಳೆಯುತ್ತದೆ. ಫೈಬ್ರಿನ್ ಗ್ಲೂ ಅಂದರೆ ಗಾಯದ ಮೇಲೆ ರಕ್ತ ಹೆಪ್ಪುಗಟ್ಟುತ್ತದಲ್ಲ, ಅದೇ ತರಹದ ಅಂಟು. ಪದರ ಹಿಡಿದುಕೊಳ್ಳುತ್ತೆ, ಎಳೆಯುವ ಸ್ನಾಯುವನ್ನು ಅದೊಂದರ ಮೇಲೇ ಬಿಡುವ ಹಾಗಿಲ್ಲ. ಸ್ನಾಯು ಜಾರಿದರೆ ಕಣ್ಣು ಆಚೆ ಕಡೆ ತಿರುಗಿ, ಮತ್ತೆ ಆಪರೇಷನ್. ಅಲ್ಲಿ ಗೋಡೆ ಬರೀ 0.3 ಮಿಲಿಮೀಟರ್ ದಪ್ಪ, ಸೂಜಿ ತೂರಿಹೋಗುವ ಭಯ ಇದ್ದೇ ಇದೆ. ಅದಕ್ಕೇ ಮೊಲಗಳ ಮೇಲೆ ಅಂಟಿನ ಪ್ರಯೋಗ ಮಾಡಿದ್ದಾರೆ. ಆದರೆ ಮಕ್ಕಳಿಗೆ ಇವತ್ತಿಗೂ ದಾರವೇ.

ಇದನ್ನು ಮೂವರು ಡಾಕ್ಟರು ಹೇಳಿದರು. ನಾನು ಕೇಳಲಿಲ್ಲ. ಅಂಟು ಹಾಕುವವರನ್ನು ಹುಡುಕುತ್ತಾ ಎಂಟು ತಿಂಗಳು ಕಳೆದೆ. ಹೇಗೂ ಆಪರೇಷನ್ ಆಗುತ್ತಲ್ಲ ಅಂತ ಎಡಗಣ್ಣು ಕೆಲಸ ಮಾಡಲಿ ಅಂತ ಬಲಗಣ್ಣನ್ನು ಮುಚ್ಚುವ ಪ್ಯಾಚ್ ಹಾಕುವುದನ್ನೂ ಸಡಿಲ ಬಿಟ್ಟೆ. ಒಂದು ದಿನ ಗುಡಿಸುವಾಗ ದಿವಾನದ ಕೆಳಗೆ ಏಳು ಪ್ಯಾಚ್ ಸಿಕ್ಕವು. ಕಿತ್ತು ಕಿತ್ತು ಅಲ್ಲೇ ಅಂಟಿಸಿದ್ದ, ಅಂಟಿನಲ್ಲಿ ಅವನ ಹುಬ್ಬಿನ ಕೂದಲು ಹಾಗೇ ಇತ್ತು. ಮುಂದಿನ ಸಲ ತೋರಿಸಿದಾಗ ಎಡಗಣ್ಣಿಗೆ ಚಾರ್ಟಿನಲ್ಲಿ ಎರಡು ಸಾಲು ಕಡಿಮೆ ಕಂಡಿತು.

ಆಪರೇಷನ್‌ನಿಂದ ಕಣ್ಣು ನೆಟ್ಟಗಾಗುತ್ತದೆ, ದೃಷ್ಟಿ ಬರುವುದಿಲ್ಲ. ಮೆದುಳು ಆ ಕಣ್ಣನ್ನು ಬಳಸುವುದನ್ನು ಬಿಟ್ಟಿದ್ದರೆ ಕನ್ನಡಕ, ಪ್ಯಾಚ್‌ಗಳಿಂದಲೇ ಅದನ್ನು ಎಬ್ಬಿಸಬೇಕು, ಅದೂ ಚಿಕ್ಕ ವಯಸ್ಸಿನಲ್ಲೇ. ಅವನಿಗೀಗ ಒಂಬತ್ತು. ಕಣ್ಣು ನೇರ ಇದೆ. ಕೊನೆಯ ಸಾಲು ಇನ್ನೂ ಓದಲಾರ.

ಅದಕ್ಕೇ ಹೇಳ್ತೀನಿ, ಹೊಲಿಗೆಯಾ ಅಂಟಾ ಅನ್ನುವುದು ನೀವು ಈಗ ಕೇಳಬೇಕಾದ ಪ್ರಶ್ನೆಯೇ ಅಲ್ಲ. ನೀವು ಬರೆದಿರುವುದರಲ್ಲಿ ಮಗಳ ದೃಷ್ಟಿಯ ಮಾತೇ ಇಲ್ಲ. ಎರಡೂ ಕಣ್ಣು ಸಮ ಕಾಣುತ್ತಾ, ಪ್ಯಾಚ್ ಬೇಕಾ, ದಿನಕ್ಕೆ ಎಷ್ಟು ಗಂಟೆ, ನಾಳೆಯೇ ಕೇಳಿ.

ಹೊಲಿಗೆಗೆ ಅಷ್ಟು ಹೆದರಬೇಡಿ. ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ನಾಲ್ಕನೇ ದಿನ ಕೆಂಪು ಕಣ್ಣಿನ ಮೂಲೆಯಲ್ಲಿ ದಾರದ ತುದಿ ಬಿದ್ದ ರೆಪ್ಪೆಕೂದಲಿನಷ್ಟೇ ಕಂಡಿತು. ಒಂದು ವಾರ "ಅಮ್ಮಾ, ಮರಳು ಬಿದ್ದಂಗಿದೆ" ಅಂದ. ಯಾರೂ ಬಿಚ್ಚಲಿಲ್ಲ, ತಾನೇ ಕರಗಿತು. ಮೇಲಿನ ಪದರಕ್ಕೆ ಗ್ಲೂ ಹಾಕ್ತೀವಿ ಅಂತ ಡಾಕ್ಟರೇ ಹೇಳಿದರೆ ಹಾಕಿಸಿ. ಅದಕ್ಕೋಸ್ಕರ ತಾರೀಖು ಮಾತ್ರ ಮುಂದೆ ಹಾಕಬೇಡಿ.