ಬಿಯರ್ ಮೇಳಕ್ಕೆ ಹೋಗುವ ಮುನ್ನ

ಪುಣೆ, ಮುಂಬೈ, ಗೋವಾದ ಓದುಗರಿಂದ ಬಿಯರ್ ಮೇಳಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಪ್ರಶ್ನೆ: ಗೆಳೆಯರೊಂದಿಗೆ ಮೇಳಕ್ಕೆ ಹೋಗುವವನಿದ್ದೇನೆ. ಪಟ್ಟಿಯಲ್ಲಿ ಶೇ 9, 10, 12 ಮದ್ಯಸಾರದ ಬಿಯರುಗಳೂ ಇವೆ. 60 ಮಿ.ಲೀ.ಯ ಸಣ್ಣ ಗ್ಲಾಸಿನಲ್ಲಿ ಕೊಡುತ್ತಾರೆ. ಒಂದು ಸಂಜೆಗೆ ಎಷ್ಟು ರುಚಿ ನೋಡಬಹುದು? ಯಾವುದರಿಂದ ಶುರು ಮಾಡಲಿ?
– ಹಡಪಸರ, ಪುಣೆ

ಉತ್ತರ: ಗ್ಲಾಸು ಎಣಿಸಬೇಡಿ, ಮದ್ಯಸಾರ ಎಣಿಸಿ. ಎಷ್ಟು ಮಿ.ಲೀ. ಎಂಬುದನ್ನು ಶೇಕಡಾ ಸಂಖ್ಯೆಯಿಂದ ಗುಣಿಸಿ 100ರಿಂದ ಭಾಗಿಸಿದರೆ ಶುದ್ಧ ಮದ್ಯಸಾರದ ಮಿ.ಲೀ. ಸಿಗುತ್ತದೆ. ಅದನ್ನು 0.79ರಿಂದ ಗುಣಿಸಿದರೆ ಗ್ರಾಂ. ಶೇ 10ರ ಬಿಯರು 60 ಮಿ.ಲೀ. ಎಂದರೆ 6 ಮಿ.ಲೀ. ಮದ್ಯಸಾರ, ಸುಮಾರು 4.7 ಗ್ರಾಂ. ಹತ್ತು ಗ್ಲಾಸಿಗೆ 47 ಗ್ರಾಂ. ವೈನ್ ಶಾಪಿನಲ್ಲಿ ಸಿಗುವ ಶೇ 8ರ 650 ಮಿ.ಲೀ. ಸ್ಟ್ರಾಂಗ್ ಬಾಟಲಿಯಲ್ಲಿ ಇರುವುದು 41 ಗ್ರಾಂ. ಬರೀ ಚೂರು ಚೂರು ರುಚಿ ನೋಡಿದೆ ಎಂದುಕೊಂಡವರು ಒಂದು ದೊಡ್ಡ ಬಾಟಲಿಗಿಂತ ಹೆಚ್ಚೇ ಕುಡಿದಿರುತ್ತಾರೆ.

ದೇಹ ತಾಸಿಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರ ಮಾತ್ರ ಕರಗಿಸುತ್ತದೆ. ಹಾಗಾಗಿ ನಾಲ್ಕು ತಾಸಿನ ಸಂಜೆಗೆ ಎಂಟು ಗ್ಲಾಸು, ಅದರಲ್ಲಿ ಶೇ 8 ದಾಟಿದವು ನಾಲ್ಕು ಮಾತ್ರ ಎಂದು ಇಟ್ಟುಕೊಳ್ಳಿ. ಎಲ್ಲ ಸೇರಿ ಸುಮಾರು 30 ಗ್ರಾಂ ಆಗುತ್ತದೆ. ಎಂಟರ ಮೇಲೆ ಮೂಗು ಸೋಲುತ್ತದೆ. ಆಮೇಲೆ ಕುಡಿದದ್ದರ ರುಚಿ ನೆನಪಿನಲ್ಲಿ ಉಳಿಯುವುದಿಲ್ಲ. ಇನ್ನೂ ಹೆಚ್ಚು ಬಗೆ ನೋಡಬೇಕೆಂದರೆ ನಾಲ್ವರು ಸೇರಿ ಎರಡು ಗ್ಲಾಸು ತಂದು ಹಂಚಿಕೊಳ್ಳಿ. ಒಂದು ಬಿಯರಿನ ಸ್ವಭಾವ ತಿಳಿಯಲು 30 ಮಿ.ಲೀ. ಸಾಕು.

ಕ್ರಮದಲ್ಲಿ ಶೇಕಡಾವಾರು ಒಂದನ್ನೇ ನೋಡಿದರೆ ಮೋಸಹೋಗುತ್ತೀರಿ. ಮೊದಲು ಪಿಲ್ಸ್‌ನರ್, ಗೋಧಿ ಬಿಯರಿನಂಥ ಹಗುರವಾದವು. ನಂತರ ಹುಳಿ ಬಿಯರುಗಳು. ಆಮೇಲೆ ಹಾಪ್ಸ್ ಎಂಬ ಹೂವಿನ ಕಹಿ ಜೋರಾಗಿರುವ ಐಪಿಎ (ಇಂಡಿಯಾ ಪೇಲ್ ಏಲ್), ಡಬಲ್ ಐಪಿಎ. ಅದಾದ ಮೇಲೆ ಗಟ್ಟಿ ಬಿಯರುಗಳು: ಬೆಲ್ಜಿಯನ್ ಟ್ರಿಪೆಲ್, ಜರ್ಮನಿಯ ಡಾಪಲ್‌ಬಾಕ್, ಬಾರ್ಲಿ ವೈನ್ (ಹೆಸರು ವೈನ್ ಆದರೂ ಬಿಯರೇ), ಕಪ್ಪು ಬಣ್ಣದ ಇಂಪೀರಿಯಲ್ ಸ್ಟೌಟ್. ಹೊಗೆ ಹಾಕಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಬಿಯರು, ಅಂದರೆ ಜರ್ಮನಿಯ ಬಾಂಬೆರ್ಗ್ ಊರಿನ ರೌಖ್‌ಬಿಯರ್ ಥರದ್ದು, ಶೇ 5 ಇದ್ದರೂ ಕೊನೆಗೇ ಇರಲಿ. ಬೀಚ್ ಮರದ ಹೊಗೆ ಬಾಯಲ್ಲಿ ಕೂತರೆ ಮುಂದಿನ ಮೂರು ಗ್ಲಾಸಿನಲ್ಲೂ ಅದೇ ಇರುತ್ತದೆ. ಈ ಕ್ರಮವನ್ನು ಒಂದೇ ಕಾರಣಕ್ಕೆ ಮುರಿಯಬಹುದು: ಅಪರೂಪದ ಗಟ್ಟಿ ಬಿಯರಿಗೆ ಒಂದೇ ಕೆಗ್ ತಂದಿರುತ್ತಾರೆ, ಅದು ಬೇಗ ಖಾಲಿಯಾಗುತ್ತದೆ. ಅಂಥದ್ದಿದ್ದರೆ ಅದನ್ನೇ ಮೊದಲು ಕುಡಿದು, ಇಪ್ಪತ್ತು ನಿಮಿಷ ಬಿಟ್ಟು, ನೀರು ಕುಡಿದು, ಮತ್ತೆ ಹಗುರದಿಂದ ಶುರು ಮಾಡಿ.

ಪ್ರತಿ ಗ್ಲಾಸಿನ ನಡುವೆ ಒಂದು ಲೋಟ ನೀರು, ಒಂದು ತುಂಡು ಸಪ್ಪೆ ಪಾವ್ ಅಥವಾ ಒಂದು ಹಿಡಿ ಖಾರ ಹಾಕದ ಮಂಡಕ್ಕಿ. ವಡಾ ಪಾವ್, ಮಿಸಳ್ ಎಲ್ಲ ಮುಗಿದ ಮೇಲೆ. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಐಪಿಎ ಜೊತೆಗಂತೂ ಖಾರವೂ ಕಹಿಯೂ ಒಟ್ಟಿಗೆ ಏರುತ್ತವೆ. ಹೊಟ್ಟೆ ಮಾತ್ರ ಖಾಲಿ ಇರಬಾರದು. ಮನೆಯಲ್ಲೇ ರೊಟ್ಟಿ-ಪಲ್ಯವೋ ಮೊಸರನ್ನವೋ ಉಂಡು ಹೊರಡಿ.

ಪ್ರಶ್ನೆ: ಕಳೆದ ಸಲ ಒಂದು ಬಿಯರು ಹುಳಿಯಾಗಿತ್ತು, ಇನ್ನೊಂದು ದನದ ಕೊಟ್ಟಿಗೆಯ ವಾಸನೆ ಬರುತ್ತಿತ್ತು. ಮಳಿಗೆಯವರು ಇದು ಹೀಗೇ ಇರಬೇಕು ಎಂದರು. ಕೆಟ್ಟದ್ದು ಯಾವುದು, ಬೇಕೆಂದೇ ಮಾಡಿದ್ದು ಯಾವುದು ಎಂದು ತಿಳಿಯುವುದು ಹೇಗೆ?
– ಮುಲುಂಡ್, ಮುಂಬೈ

ಉತ್ತರ: ಎರಡೂ ಬೇಕೆಂದೇ ಮಾಡಿದ್ದಿರಬಹುದು. ಹುಳಿಯಲ್ಲಿ ಎರಡು ಜಾತಿ. ಒಂದು ಮೊಸರಿನ ಮೇಲೆ ನಿಲ್ಲುವ ನೀರಿನಂತೆ, ನಾಲಿಗೆಯ ಬದಿಗಳಲ್ಲಿ ಹಿತವಾಗಿ ಹಿಡಿಯುತ್ತದೆ. ಅದು ಲ್ಯಾಕ್ಟಿಕ್ ಹುಳಿ. ಬರ್ಲಿನರ್ ವೈಸೆ, ಗೋಸೆ ಇವುಗಳಲ್ಲಿ ಅದು ಇರಲೇಬೇಕು. ಗೋಸೆ ಜರ್ಮನಿಯ ಗೋಸ್ಲಾರ್ ಊರಿನ ಗೋಸೆ ಹೊಳೆಯ ಹೆಸರು ಹೊತ್ತದ್ದು. ಅದಕ್ಕೆ ಉಪ್ಪು, ಕೊತ್ತಂಬರಿ ಬೀಜ ಸೇರುತ್ತವೆ. ನಮ್ಮ ಕಡೆ ಕೋಕಂ, ಅಂದರೆ ಪುನರ್ಪುಳಿ, ಹಾಕಿ ಮಾಡಿದ ಗೋಸೆ ಸಿಕ್ಕರೆ ಬಿಡಬೇಡಿ. ಪುನರ್ಪುಳಿ ಶರಬತ್ತು ಕುಡಿದು ಬೆಳೆದ ಕರಾವಳಿಯವರ ನಾಲಿಗೆಗೆ ಹುಳಿ ಬಿಯರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಇನ್ನೊಂದು ಹುಳಿ ಮೂಗಿಗೆ ಹೊಡೆದು ಗಂಟಲು ಸುಡುವ ವಿನಿಗರಿನದು. ಫ್ಲಾಂಡರ್ಸ್‌ನ ಕೆಂಪು ಬಿಯರಿನಲ್ಲಿ ಅದರ ಛಾಯೆ ಸಹಜ. ಲಾಗರ್, ಗೋಧಿ ಬಿಯರು, ಸ್ಟೌಟ್‌ಗಳಲ್ಲಿ ಬಂದರೆ ಬಿಯರು ಬರುವ ನಲ್ಲಿಯೋ ಪೈಪೋ ಕೊಳೆಯಾಗಿ ಬ್ಯಾಕ್ಟೀರಿಯಾ ಸೇರಿದೆ ಎಂದರ್ಥ.

ಕೊಟ್ಟಿಗೆಯ ವಾಸನೆ ಬ್ರೆಟನೋಮೈಸಿಸ್ ಎಂಬ ಯೀಸ್ಟಿನದು. ಬ್ರಸೆಲ್ಸ್ ಬಳಿಯ ಸೆನ್ ನದಿ ಕಣಿವೆಯ ಲ್ಯಾಂಬಿಕ್‌ಗೆ ಯೀಸ್ಟ್ ಹಾಕುವುದೇ ಇಲ್ಲ. ಕುದಿಸಿದ ರಸವನ್ನು ಅಗಲವಾದ, ಆಳವಿಲ್ಲದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಟ್ಟು, ಗಾಳಿಯಲ್ಲಿರುವುದು ತಾನಾಗಿ ಸೇರಲಿ ಎಂದು ಬಿಡುತ್ತಾರೆ. ಒಂದು, ಎರಡು, ಮೂರು ವರ್ಷ ಮರದ ಪೀಪಾಯಿಯಲ್ಲಿಟ್ಟದ್ದನ್ನು ಬೆರೆಸಿದರೆ ಗ್ಯೂಜ್. ಅದರಲ್ಲಿ ಈ ವಾಸನೆಯೇ ಶೋಭೆ. ಪಿಲ್ಸ್‌ನರ್‌ನಲ್ಲಿ ಅದು ಕೆಡುಕು.

ಬೇರೆ ದೋಷಗಳನ್ನು ಅಡುಗೆಮನೆಯ ಮೂಗಿನಿಂದಲೇ ಹಿಡಿಯಬಹುದು. ಬೆಣ್ಣೆ ಅಥವಾ ಬೆಣ್ಣೆ ಬಿಸ್ಕತ್ತಿನ ವಾಸನೆ ಬಂದು ನಾಲಿಗೆ ಜಾರಿದಂತಾದರೆ ಡೈಅಸೆಟೈಲ್. ಹುದುಗು ಪೂರ್ತಿ ಮುಗಿಯುವ ಮುಂಚೆ ತಣ್ಣಗೆ ಮಾಡಿದ್ದಾರೆ ಇಲ್ಲವೇ ಪೈಪು ಕೊಳೆ. ಬೇಯಿಸಿದ ಗೋವಿನಜೋಳದ ವಾಸನೆ ಬಂದರೆ ಕುದಿಸುವಾಗ ಮುಚ್ಚಳ ಹಾಕಿದ್ದಾರೆ ಅಥವಾ ಸಾಕಷ್ಟು ಕುದಿಸಿಲ್ಲ. ಹಸಿ ಸೇಬಿನದು ಬಂದರೆ ಬಿಯರು ಇನ್ನೂ ಎಳೆಯದು. ನೆನೆದ ರಟ್ಟಿನಂತಿದ್ದರೆ ಗಾಳಿ ಸೇರಿ ಹಳತಾಗಿದೆ. ಗಟ್ಟಿ ಬಿಯರಿನಲ್ಲಿ ನೇಲ್ ಪಾಲಿಶ್‌ನ ಘಾಟು, ನುಂಗಿದಾಗ ಉರಿ ಬಂದರೆ ಹುದುಗು ಬರುವಾಗ ಸೆಖೆ ಹೆಚ್ಚಾಗಿತ್ತು. ಲವಂಗ, ಬಾಳೆಹಣ್ಣಿನ ವಾಸನೆಗೆ ಮಾತ್ರ ಹೆದರಬೇಡಿ. ಬವೇರಿಯದ ಗೋಧಿ ಬಿಯರಿನ ಯೀಸ್ಟಿನ ಗುಣವೇ ಅದು.

ಸಂಶಯ ಬಂದರೆ ಅದೇ ಬಿಯರನ್ನು ಇನ್ನೊಂದು ನಲ್ಲಿಯಿಂದ ಒಂದು ಗುಟುಕು ಕೇಳಿ. ಎರಡರಲ್ಲೂ ಒಂದೇ ರುಚಿಯಿದ್ದರೆ ಅದು ತಯಾರಿಸಿದವರ ಕೈ; ಒಂದರಲ್ಲಿ ಮಾತ್ರ ಇದ್ದರೆ ಪೈಪಿನ ತಪ್ಪು. ಮರ್ಯಾದೆಯಿಂದ ಹೇಳಿದರೆ ಒಳ್ಳೆಯ ಬ್ರೂವರ್ ತಾವೇ ಬಂದು ಮೂಸಿ ನೋಡುತ್ತಾರೆ.

ಪ್ರಶ್ನೆ: ಅಂಗಡಿಯ ಸ್ಟ್ರಾಂಗ್ ಬಿಯರೂ ಶೇ 8, ಮೇಳದ ಡಾಪಲ್‌ಬಾಕ್ ಕೂಡ ಶೇ 8. ಅದಕ್ಕೆ ಅಷ್ಟು ಬೆಲೆ ಯಾಕೆ? ಬೆಲ್ಲ ಹಾಕಿದ ಬಿಯರು, ಮಾವಿನ ಬಿಯರು ಸಿಹಿಯೇ ಇಲ್ಲವಲ್ಲ?
– ವಾಸ್ಕೋ, ಗೋವಾ

ಉತ್ತರ: ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಸಕ್ಕರೆ, ಬೆಲ್ಲ, ಹಣ್ಣಿನ ಸಿಹಿ ಇವನ್ನೆಲ್ಲ ಯೀಸ್ಟ್ ಹೆಚ್ಚುಕಡಿಮೆ ಪೂರ್ತಿ ತಿಂದು ಮದ್ಯಸಾರ ಮಾಡಿಬಿಡುತ್ತದೆ. ಬೆಲ್ಲದ ಘಮ, ಮಾವಿನ ಕಂಪು ಉಳಿಯುತ್ತವೆ, ಸಿಹಿ ಉಳಿಯುವುದಿಲ್ಲ. ಸಕ್ಕರೆ ಅಥವಾ ಅಕ್ಕಿಯಿಂದ ಬಲ ಏರಿಸಿದ ಬಿಯರು ತೆಳ್ಳಗೆ, ಗಂಟಲಿಗೆ ಖಾರ. ಮಾಲ್ಟಿನಿಂದಲೇ ಬಲ ಬರಿಸಿದರೆ ಯೀಸ್ಟ್ ತಿನ್ನಲಾಗದ ಸಕ್ಕರೆಗಳು ಉಳಿದು ಮೈ ಬರುತ್ತದೆ.

ಲೆಕ್ಕ ನೋಡಿ: ಹುದುಗಿಗೆ ಮೊದಲಿನ ಸಾಂದ್ರತೆಯಿಂದ (ನೀರಿನದು 1.000) ಕೊನೆಯದನ್ನು ಕಳೆದು 131ರಿಂದ ಗುಣಿಸಿದರೆ ಶೇಕಡಾವಾರು ಬರುತ್ತದೆ. ಬಾರ್ಲಿ ವೈನ್ 1.100ರಿಂದ ಶುರುವಾಗಿ 1.025ಕ್ಕೆ ನಿಂತರೆ ಶೇ 9.8. ಆ 1.025 ಎಂಬುದೇ ಬಾಯಲ್ಲಿ ಜೋನಿ ಬೆಲ್ಲದಂತೆ ಕೂರುವ ಅಂಶ. ಇದಕ್ಕೆ ಮಾಮೂಲಿ ಬಿಯರಿನ ಎರಡು ಪಟ್ಟು ಮಾಲ್ಟ್ ಬೇಕು, ಯೀಸ್ಟ್ ಹೆಚ್ಚು ಬೇಕು, ತಿಂಗಳುಗಟ್ಟಲೆ ಟ್ಯಾಂಕು ಕಟ್ಟಿಹಾಕಬೇಕು. ಬೆಲೆ ಅದರದು. ಐಸ್‌ಬಾಕ್ ಇನ್ನೂ ಮುಂದಿನದು: ಬಿಯರನ್ನು ಹೆಪ್ಪುಗಟ್ಟಿಸಿ ನೀರ್ಗಲ್ಲನ್ನು ತೆಗೆದುಹಾಕಿದಾಗ ಉಳಿದದ್ದು ಗಟ್ಟಿಯಾಗುತ್ತದೆ.

ಪ್ರಶ್ನೆ: ವೈನ್ ರುಚಿ ನೋಡುವವರಂತೆ ಉಗುಳಬೇಕೇ? – ಮಡಗಾಂವ್, ಗೋವಾ

ಉತ್ತರ: ಬಿಯರನ್ನು ನುಂಗಿಯೇ ನೋಡುತ್ತಾರೆ. ಕಹಿಯ ಪೂರ್ತಿ ಅಳತೆ, ಗಂಟಲಿನಿಂದ ಮೂಗಿಗೆ ಮರಳುವ ಕಂಪು ನುಂಗಿದ ಮೇಲೆಯೇ ಸಿಗುವುದು. ಮೊದಲು ಎರಡು ಸಣ್ಣ ಉಸಿರಿನಲ್ಲಿ ಮೂಸಿ, ಒಂದು ಗುಟುಕು ಬಾಯಲ್ಲಿ ಎರಡು ಮೂರು ಕ್ಷಣ ಆಡಿಸಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಉಳಿದದ್ದು ಇಷ್ಟವಾಗದಿದ್ದರೆ ಬಕೆಟ್ಟಿಗೆ ಸುರಿಯಿರಿ. ದುಡ್ಡು ಕೊಟ್ಟೆ ಎಂದು ಮುಗಿಸಲು ಹೋಗಬೇಡಿ.

ಪ್ರಶ್ನೆ: ಸ್ಟೌಟ್ ತಣ್ಣಗೇ ಇರಲಿಲ್ಲ ಎಂದು ವಾಪಸ್ ಕೊಟ್ಟೆ. ಸರಿಯೇ? – ಡೊಂಬಿವಲಿ

ಉತ್ತರ: ಕೊಡಬಾರದಿತ್ತು. ಇಂಪೀರಿಯಲ್ ಸ್ಟೌಟ್, ಬಾರ್ಲಿ ವೈನ್ ಬಾಯಿ ಬಿಡುವುದು 10ರಿಂದ 13 ಡಿಗ್ರಿಯಲ್ಲಿ. 4 ಡಿಗ್ರಿಯಲ್ಲಿ ಕಾಫಿ, ಚಾಕೊಲೇಟ್, ಒಣದ್ರಾಕ್ಷಿಯ ಕಂಪೆಲ್ಲ ಅಡಗಿ ಬರೀ ಕಹಿ ಉಳಿಯುತ್ತದೆ. ಐಸಿನಂತೆ ಕೊಟ್ಟರೆ ಗ್ಲಾಸನ್ನು ಅಂಗೈಯಲ್ಲಿ ಐದು ನಿಮಿಷ ಹಿಡಿಯಿರಿ. ಲಾಗರ್ ಮಾತ್ರ ತಣ್ಣಗಿರಲಿ. ಗೋವಾದಂಥ ಬಯಲು ಮೇಳದಲ್ಲಿ ಗ್ಲಾಸನ್ನು ಬಿಸಿಲಿಗೆ ಇಡಬೇಡಿ. ಬೆಳಕು ಬಿದ್ದರೆ ಹಾಪ್ಸ್‌ನ ಅಂಶ ಒಡೆದು ಕೆಲವೇ ನಿಮಿಷದಲ್ಲಿ ಕೆಟ್ಟ ಗಂಧಕದ ನಾತ ಹುಟ್ಟುತ್ತದೆ. ಲಿಪ್‌ಸ್ಟಿಕ್, ಎಣ್ಣೆ ಕೈ ತಾಗಿದರೆ ನೊರೆ ಸಾಯುತ್ತದೆ.

ಪ್ರಶ್ನೆ: ಮುಗಿದ ಎರಡು ತಾಸಿಗೆ ಬೈಕ್ ಓಡಿಸಬಹುದೇ? – ಹಿಂಜವಡಿ

ಉತ್ತರ: ಬೇಡ. ಕಾನೂನಿನ ಮಿತಿ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೇಲಿನ ಲೆಕ್ಕದ ಹತ್ತು ಗ್ಲಾಸಿನ 47 ಗ್ರಾಂ ಕರಗಲು ಐದರಿಂದ ಏಳು ತಾಸು ಬೇಕು. ಕಾಫಿ, ತಣ್ಣೀರು ಸ್ನಾನ, ಮಜ್ಜಿಗೆ ಯಾವುದೂ ಅದನ್ನು ಬೇಗ ಮಾಡುವುದಿಲ್ಲ. ಗಾಡಿ ಮನೆಯಲ್ಲೇ ಬಿಟ್ಟು ಹೋಗಿ.

ಪ್ರಶ್ನೆ: ಮೇಳದಿಂದ ತಂದ ಬಾಟಲಿಗಳನ್ನು ಎಷ್ಟು ದಿನ ಇಡಬಹುದು? – ಅಂಧೇರಿ

ಉತ್ತರ: ಐಪಿಎ ಆದರೆ ಆ ವಾರವೇ ಮುಗಿಸಿ, ಅಲ್ಲಿಯವರೆಗೂ ಫ್ರಿಜ್ಜಿನಲ್ಲಿರಲಿ, ಹಾಪ್ಸ್‌ನ ಕಂಪು ಮೊದಲು ಹೋಗುವುದು. ಬಾರ್ಲಿ ವೈನ್, ಇಂಪೀರಿಯಲ್ ಸ್ಟೌಟ್, ಗ್ಯೂಜ್ ವರ್ಷಗಟ್ಟಲೆ ಮಾಗುತ್ತವೆ, ಆದರೆ 12ರಿಂದ 15 ಡಿಗ್ರಿಯ ಕತ್ತಲೆಯಲ್ಲಿ. ಮುಂಬೈಯ ಕಪಾಟಿನಲ್ಲಿ ಅದು ಸಾಧ್ಯವಿಲ್ಲ. ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ನೆಟ್ಟಗೆ ನಿಲ್ಲಿಸಿ, ಬಾಗಿಲಿನಲ್ಲಿ ಬೇಡ. ಮೇ ತಿಂಗಳ ಸೆಖೆಯಲ್ಲಿ ಹೊರಗಿಟ್ಟರೆ ಒಂದೇ ಬೇಸಿಗೆಗೆ ರಟ್ಟಿನ ರುಚಿ ಬರುತ್ತದೆ.