ಒಂದು ಭಾಗದ ಕೋಡ್ ಮುಚ್ಚಿದ್ದರೆ ಅದು ಓಪನ್ ಸೋರ್ಸ್ ತಂತ್ರಾಂಶವೇ?
ಮೊದಲು ನಿಮ್ಮ ಕೈಗೆ ಬಂದ ಪ್ರತಿಯ ಪರವಾನಗಿ ಓದಿ. ಕೋಡ್ ಬರೆಯಲು ಬಳಸುವ ಮೈಕ್ರೋಸಾಫ್ಟ್‌ನ ತಂತ್ರಾಂಶ ವಿಎಸ್ ಕೋಡ್‌ನ ಮೂಲ ಕೋಡ್ ಎಂಐಟಿ ಎಂಬ ಓಪನ್ ಸೋರ್ಸ್ ಪರವಾನಗಿಯಲ್ಲಿದೆ. ಆದರೆ ಮೈಕ್ರೋಸಾಫ್ಟ್ ತಾಣದಿಂದ ಇಳಿಸಿಕೊಳ್ಳುವ ಸಿದ್ಧ ಆವೃತ್ತಿಗೆ ಸ್ವಾಮ್ಯದ ಪರವಾನಗಿ. ಅದೇ ಕೋಡ್‌ನಿಂದ ಕಟ್ಟಿದ ವಿಎಸ್‌ಕೋಡಿಯಂ ಓಪನ್ ಸೋರ್ಸ್. ಓಪನ್ ಸೋರ್ಸ್ ಬ್ರೌಸರ್ ಕ್ರೋಮಿಯಂ ಮತ್ತು ಅದರಿಂದ ಗೂಗಲ್ ಕಟ್ಟುವ ಕ್ರೋಮ್ ಕಥೆಯೂ ಹೆಚ್ಚು ಕಡಿಮೆ ಇದೇ.

ತಂಡಗಳು ಕೋಡ್ ಇಟ್ಟು ನಿರ್ವಹಿಸುವ ತಂತ್ರಾಂಶ ಗಿಟ್‌ಲ್ಯಾಬ್‌ನಲ್ಲಿ ‘ಇಇ’ ಎಂಬ ಫೋಲ್ಡರ್‌ಗೆ ಓಪನ್ ಸೋರ್ಸ್ ಅಲ್ಲದ ಪ್ರತ್ಯೇಕ ಪರವಾನಗಿಯಿದೆ. ಅದನ್ನು ತೆಗೆದರೂ ಉಳಿದದ್ದು ಕೆಲಸ ಮಾಡುತ್ತದೆ. ಆ ತಿರುಳನ್ನು ಓಪನ್ ಸೋರ್ಸ್ ಎನ್ನಲು ನನ್ನ ಅಡ್ಡಿಯಿಲ್ಲ. ಮುಚ್ಚಿದ ತುಣುಕಿಲ್ಲದೆ ಮುಖ್ಯ ಕೆಲಸವೇ ನಡೆಯದಿದ್ದರೆ, ಇಡೀ ಉತ್ಪನ್ನವನ್ನು ಹಾಗೆ ಕರೆಯುವುದು ಬಳಕೆದಾರರಿಗೆ ಮಾಡುವ ಮೋಸ.

ಇನ್ನೊಂದು ಮಾತು: ಕೋಡ್ ಓದಲು ಸಿಕ್ಕರಷ್ಟೇ ಸಾಲದು. ಅದನ್ನು ಮಾರ್ಪಡಿಸುವ, ಮರುಹಂಚುವ, ವ್ಯಾಪಾರಕ್ಕೂ ಬಳಸುವ ಹಕ್ಕು ಪರವಾನಗಿಯಲ್ಲಿ ಇರಲೇಬೇಕು.